ಅಕ್ಕನ ‘ಆವು’

ನಾನು ನಿಂತಿದ್ದದ್ದು ಮಣಿಪಾಲದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಬಾಗಿಲಿನಿಂದ ಎಣಿಸಿದರೆ ಎಡಸಾಲಿನ ನಾಲ್ಕನೆಯ ಮಂಚದ ಕಾಲ್ದೆಸೆಯಲ್ಲಿ. ಎಪ್ಪತ್ತೊಂಬತ್ತನೆಯ ಇಸವಿ. ಮಳೆ ಬಿಟ್ಟು ಹತ್ತು ದಿನವಾಗಿದ್ದ ಒಂದು ಬುಧವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮಂಚದ ಮೇಲೆ ನನ್ನ ಅಕ್ಕ ಇದ್ದಳು. ಅವಳ ತಲೆಯ ಹತ್ತಿರ, ಬಲಗಡೆ, ಅಣ್ಣ ನಿಂತಿದ್ದ. ಕಾಪುವಿನಿಂದ ಬಂದ ತಂಗಿ ಸ್ಟೂಲಿನ ಮೇಲೆ ಕುಳಿತು ಗಂಜಿಯ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಆ ಜಾಗದಿಂದ ನನಗೆ ಅಕ್ಕನ ಮುಖ ಮತ್ತು ಅವಳ ಎಡಗೈ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ, ಆ ದಿನದ ಬಗ್ಗೆಯೂ ಮರುದಿನದ ಬಗ್ಗೆಯೂ ಮುಂದೆ ಮನೆಯಲ್ಲಿ ಬೇರೆ ಬೇರೆ ಮಾತು ಹುಟ್ಟಿತು. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಅಕ್ಕನಿಗೆ ಆಗ ನಲವತ್ತಮೂರು ವರ್ಷ. ಮದುವೆಯಾಗಿರಲಿಲ್ಲ. ಶಂಕರಪುರದಲ್ಲಿ ಅಮ್ಮ ಬಿಟ್ಟುಹೋದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಮನೆಯ ಹಿಂದೆ ಮೂವತ್ತೆರಡು ಮಲ್ಲಿಗೆ ಗಿಡ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯುವುದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುವುದು, ಹನ್ನೊಂದರ ಒಳಗೆ ವ್ಯಾಪಾರಿಗಳು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವುದು. ಇಪ್ಪತ್ತು ವರ್ಷ ಅವಳ ದಿನ ಹಾಗೆಯೇ ಶುರುವಾಗುತ್ತಿತ್ತು. ಒಂದು ಬೆಳಗ್ಗೆ ಕೊಯ್ಯುತ್ತಾ ಕೊಯ್ಯುತ್ತಾ ಗಿಡದ ಬುಡದಲ್ಲಿ ಕುಸಿದಳು. ನೆರೆಮನೆಯವರು ಬಾಡಿಗೆ ಕಾರು ತರಿಸಿ ಮಣಿಪಾಲಕ್ಕೆ ತಂದರು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದು ಶಬ್ದದ ಹೊರತು.

ಆ ಶಬ್ದ ‘ಆವು’. ನಮ್ಮ ತುಳುವಿನಲ್ಲಿ ಅದಕ್ಕೆ ‘ಆಗಲಿ’, ‘ಸರಿ’ ಎಂದು ಅರ್ಥ. ಗಂಜಿ ಬೇಕಾ ಎಂದರೆ ‘ಆವು’. ಮಗ್ಗುಲು ತಿರುಗಿಸಲಾ ಎಂದರೆ ‘ಆವು’. ಇಷ್ಟಾದರೂ ಉಳಿಯಿತಲ್ಲ ಎಂದು ನಮಗೆ ಸಮಾಧಾನ.

ಮೂರನೆಯ ವಾರದಲ್ಲಿ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು, ಏರ್ಪಾಡು ಮಾಡಿಕೊಳ್ಳಿ ಎಂದರು. ಭಾನುವಾರ ಉಡುಪಿಯ ನನ್ನ ಬಾಡಿಗೆ ಮನೆಯಲ್ಲಿ ಒಡಹುಟ್ಟಿದವರು ಮೂವರು ಸೇರಿದೆವು. ಅಣ್ಣ ಕಾರ್ಕಳದಲ್ಲಿ ಕಲ್ಲಿನ ಕೆಲಸ ಮಾಡಿಸುವವನು. ನಾನು ಸರ್ವೆ ಇಲಾಖೆಯಲ್ಲಿ ಅಳತೆಗಾರ. ತಂಗಿಯ ಗಂಡನದ್ದು ಕಾಪುವಿನಲ್ಲಿ ಸೈಕಲ್ ಅಂಗಡಿ. ಯಾರಿಗೂ ಅಕ್ಕ ಭಾರವಾಗಿರಲಿಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ. ನನಗೆ ಬೇಕು, ನನಗೆ ಬೇಕು ಎಂದೇ ಚರ್ಚೆಯಾಯಿತು. ಕೊನೆಗೆ ವರ್ಷವನ್ನು ಮೂರು ಪಾಲು ಮಾಡಿದೆವು. ನಾಲ್ಕು ತಿಂಗಳು ಕಾರ್ಕಳ, ನಾಲ್ಕು ತಿಂಗಳು ಕಾಪು, ನಾಲ್ಕು ತಿಂಗಳು ಉಡುಪಿ. ಶಂಕರಪುರದ ಮನೆಗೆ ಬೀಗ. ಮಲ್ಲಿಗೆ ಗಿಡಗಳನ್ನು ನೋಡಿಕೊಳ್ಳಲು ಯಾರಿಗಾದರೂ ಒಪ್ಪಿಸುವುದು. ಶುಕ್ರವಾರ ಬೆಳಗ್ಗೆ ಆಸ್ಪತ್ರೆಗೆ ಜೀಪು ಬರುವುದು ಎಂದೂ ನಿಶ್ಚಯವಾಯಿತು.

ಸೋಮವಾರ ಅಕ್ಕನಿಗೆ ಹೇಳಿದೆವು. ಅಣ್ಣನೇ ಮಂಚದ ಮೇಲೆ ಬಗ್ಗಿ ಒಂದೊಂದಾಗಿ ವಿವರಿಸಿದ. ಪ್ರತಿಯೊಂದಕ್ಕೂ ಅವಳು ‘ಆವು’ ಎಂದಳು. ಬೀಗದ ಮಾತಿಗೂ ‘ಆವು’. ಹೊರಗೆ ಬಂದ ಅಣ್ಣ, “ಅವಳು ಚಿಕ್ಕಂದಿನಿಂದಲೂ ಹಾಗೆಯೇ, ತಕರಾರು ಮಾಡಿದವಳೇ ಅಲ್ಲ” ಎಂದು ಕಣ್ಣೊರೆಸಿಕೊಂಡ. ನಾನೂ ಹೌದೆಂದೆ.

ಬುಧವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ಮನೆಗೆ ಹೋದ ಮೇಲೆ ರೋಗಿಯನ್ನು ಹೇಗೆ ನೋಡಿಕೊಳ್ಳುವುದು ಎಂದು ಮನೆಯವರೊಡನೆ ಮಾತಾಡುವುದು ಅವಳ ಕೆಲಸ. ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ, ಧಾರವಾಡದ ಕಡೆಯವಳು, ತುಳುವಿನ ಗಂಧ ಇಲ್ಲ. ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಮಂಚದ ಎಡಗಡೆ, ಕಿಟಕಿಯ ಪಕ್ಕ ನಿಂತಳು. ಅಕ್ಕನ ಕಡೆ ಬಗ್ಗಿ, “ಅಕ್ಕಾರ, ಶುಕ್ರವಾರ ಮನಿಗೆ ಹೋಗ್ತೀರೇನ್ರಿ?” ಎಂದು ಕೇಳಿದಳು.

“ಆವು” ಎಂದಳು ಅಕ್ಕ.

ಹುಡುಗಿ ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು ಮಂಚದ ಅಡಿ ನೋಡಿದಳು. “ಎಲ್ಲೈತ್ರಿ?”

“ಎಂತದು?” ಎಂದ ಅಣ್ಣ.

“ಹಾವು ಅಂದ್ರಲ್ರಿ.”

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಕ್ಕದ ಮಂಚದ ಮುದುಕಿಯೂ ನಕ್ಕಳು. ಅದು ಹಾವಲ್ಲ, ಸರಿ ಎಂದು ಅರ್ಥ, ಅಷ್ಟು ಮಾತ್ರ ಅವಳಿಗೆ ಬರುತ್ತದೆ ಎಂದು ನಾನು ತಿಳಿಸಿದೆ. ಹುಡುಗಿಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಅಷ್ಟ ಬರತೈತಿ ಅಂದ್ರ? ಬ್ಯಾಡ ಅನ್ನಾಕ ಏನಂತಾರ್ರಿ?”

ಮೂರು ವಾರದಲ್ಲಿ ಅಕ್ಕ ಬೇಡ ಎಂದದ್ದೇ ಇರಲಿಲ್ಲ.

ಹುಡುಗಿ ಮತ್ತೆ ಬಗ್ಗಿದಳು. ನನ್ನಿಂದ ತುಳು ವಾಕ್ಯ ಹೇಳಿಸಿಕೊಂಡು, ತಪ್ಪುತಪ್ಪಾಗಿ ತಾನೇ ಕೇಳಿದಳು. “ಕಾರ್ಕಳಕ್ಕೆ ಹೋಗುತ್ತೀರಾ?” ‘ಆವು.’ ಒಂದು ಗಳಿಗೆ ಬಿಟ್ಟು, “ಕಾರ್ಕಳಕ್ಕೆ ಹೋಗುವುದು ನಿಮಗೆ ಇಷ್ಟವಿಲ್ಲ, ಅಲ್ಲವೇ?” ‘ಆವು.’ ಮೂರನೆಯ ಪ್ರಶ್ನೆಯನ್ನು ಅವಳು ನನ್ನನ್ನು ತೋರಿಸಿ ಕೇಳಿದಳು: “ಇವರು ನಿಮ್ಮ ಅಪ್ಪನೇ?” ‘ಆವು.’

ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು. ನನ್ನನ್ನು ಅಪ್ಪ ಎಂದದ್ದು ಅವಳಿಗೆ ಗೊತ್ತಾಗಿತ್ತು. ಅದೂ ಸ್ಪಷ್ಟವಾಗಿ ಕಂಡಿತು. ಬಾಯಿ ಅವಳ ಮಾತು ಕೇಳುತ್ತಿರಲಿಲ್ಲ, ಅಷ್ಟೇ. ನಾವು ತುಳುವಿನವರು. ಆ ಶಬ್ದ ಕಿವಿಗೆ ಬೀಳುವ ಮೊದಲೇ ಅದರ ಅರ್ಥ ನಮ್ಮ ಒಳಗೆ ಹೋಗಿ ಕುಳಿತುಬಿಡುತ್ತಿತ್ತು. ಅದನ್ನು ಬರಿಯ ಸದ್ದು ಎಂದು ಕೇಳಲು ಧಾರವಾಡದಿಂದ ಒಬ್ಬಳು ಬರಬೇಕಾಯಿತು. ಎರಡು ದಿನ ನಾವು ಅವಳ ಒಪ್ಪಿಗೆ ಎಂದು ಹಿಡಿದುಕೊಂಡಿದ್ದದ್ದು ಒಪ್ಪಿಗೆಯೇ ಅಲ್ಲ. ಅದರ ಮೇಲೆ ಅವಳ ಮನೆಗೆ ಬೀಗ ಹಾಕಲು ಹೊರಟಿದ್ದೆವು.

ಹುಡುಗಿ ನಮ್ಮನ್ನು ಬೈಯಲಿಲ್ಲ. “ಇವ್ರ ಜೋಡಿ ದಿನಾ ಕುಂತು ಏಳೋರು ಯಾರದಾರ್ರಿ? ಗೆಳತ್ಯಾರು?” ಎಂದು ಕೇಳಿದಳು.

“ಗೆಳತಿಯರು ಅಂತ ಯಾರೂ ಇಲ್ಲ” ಎಂದ ಅಣ್ಣ. “ನೆರೆಕರೆಯವರು ಇದ್ದಾರೆ, ಹೂ ಕಟ್ಟುವವರು.”

“ಮತ್ತ ಅವ್ರನ್ನ ಕರಕೊಂಡ ಬರ್ರಿ.”

ಮರುದಿನ ಗುರುವಾರ ಬೆಳಗ್ಗೆ ಎಂಟಕ್ಕೆ ನಾನು ಶಂಕರಪುರದಲ್ಲಿ ಬಸ್ಸಿಳಿದೆ. ಅಕ್ಕನ ಮನೆಯ ಜಗಲಿಯಲ್ಲಿ ನಾಲ್ವರು ಹೆಂಗಸರು ಕುಳಿತು ಹೂ ಕಟ್ಟುತ್ತಿದ್ದರು. ಮೂರು ವಾರದಿಂದ ಅವರೇ ಅಕ್ಕನ ಗಿಡದ ಮೊಗ್ಗನ್ನೂ ಕೊಯ್ದು ಕಟ್ಟುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅವರಲ್ಲಿ ಹಿರಿಯಳು ಪಕ್ಕದ ಮನೆಯ ಬಾಯಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತೇವೆ. ಅಕ್ಕನನ್ನು ಗಿಡದ ಬುಡದಿಂದ ಎತ್ತಿದವಳು ಅವಳೇ.

ಅವರೆಲ್ಲ ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಕಟ್ಟುವವರು. ನಾನು ನಿಂತಲ್ಲಿಂದಲೇ ನಡೆದದ್ದನ್ನೆಲ್ಲ ಹೇಳಿದೆ. ಯಾರೂ ಕೈ ನಿಲ್ಲಿಸಲಿಲ್ಲ, ಬಾಯಿ ತೆರೆಯಲಿಲ್ಲ. ಆದರೆ ನನ್ನ ಕಣ್ಣೆದುರಿಗೇ ಏನೋ ನಡೆಯುತ್ತಿತ್ತು. ಬಾಯಿ ಹುಬ್ಬು ಎತ್ತಿದಳು. ಎದುರಿನವಳು ಗದ್ದದಿಂದ ರಸ್ತೆಯ ಕಡೆ ತೋರಿಸಿದಳು. ಮೂರನೆಯವಳು ಒಂದು ಅರಳಿದ ಮೊಗ್ಗನ್ನು ಎಡಗೈಯ ಹಿಂಬದಿಯಿಂದ ಪಕ್ಕಕ್ಕೆ ತಳ್ಳಿದಳು. ನಾಲ್ಕನೆಯವಳ ಕಣ್ಣು ನಕ್ಕಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಬಾಯಿ ನಾರನ್ನು ಹಲ್ಲಿನಿಂದ ಬಿಡಿಸಿಕೊಂಡು, “ಆಯ್ತು ತಮ್ಮ. ನಾಲ್ಕು ಜನವೂ ಬರ್ತೇವೆ. ಹನ್ನೊಂದೂಕಾಲಿನ ಬಸ್ಸಿಗೆ. ಮೊದಲು ಹೂ ಕಟ್ಟೆಗೆ ಮುಟ್ಟಲಿ” ಎಂದಳು.

“ಇವಳು ಬೇಡ ಅಂದದ್ದು ಎಂತಕ್ಕೆ?” ಎಂದು ನಾನು ಮೂರನೆಯವಳನ್ನು ತೋರಿಸಿದೆ. ಅಷ್ಟು ಮಾತ್ರ ನನಗೆ ಅರ್ಥವಾದ ಹಾಗೆ ಅನಿಸಿತ್ತು.

“ಹತ್ತೂವರೆಯ ಬಸ್ಸು ಬೇಡ ಅಂದಳು. ಕಂಡಕ್ಟರು ಅವಳ ಮೈದುನ, ಟಿಕೆಟು ತೆಗೆಯಲು ಬಿಡುವುದಿಲ್ಲ, ಅವಳಿಗೆ ನಾಚಿಕೆ” ಎಂದು ಬಾಯಿ ಮತ್ತೆ ನಾರು ಕಚ್ಚಿದಳು.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ವಾರ್ಡಿನಲ್ಲಿದ್ದೆವು. ನಾನು ಹಿಂದಿನ ದಿನದ ಜಾಗದಲ್ಲೇ ನಿಂತೆ. ನಾಲ್ವರು ಹೆಂಗಸರನ್ನು ಕಂಡ ಅಕ್ಕ ‘ಆವು, ಆವು, ಆವು’ ಎಂದು ಅತ್ತಳು. ಬಾಯಿ ಅವಳ ತಲೆ ಸವರಿ, “ಸಾಕು ಮಾರಾಯ್ತಿ, ಮುಖ ಒರೆಸಲು ನನ್ನ ಒಂದೇ ಸೆರಗು ಉಂಟು” ಎಂದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು. “ಇವಳ ಬಾಯಿಯನ್ನು ಕೇಳಬೇಡಿ ಅಮ್ಮ. ನನ್ನನ್ನೇ ಎಲ್ಲರೂ ಬಾಯಿ ಅಂತಾರೆ, ಬೆಳಗ್ಗೆ ಹನ್ನೊಂದರ ತನಕ ನನಗೆ ಬಾಯಿಯೇ ಇಲ್ಲ. ಇಪ್ಪತ್ತು ವರ್ಷ ನಾವು ಮಾತಾಡಿದ್ದು ಬೇರೆ ಥರ.”

ತಂದಿದ್ದ ಪೊಟ್ಟಣ ಬಿಚ್ಚಿ, ಅಕ್ಕನ ಎಡಗೈಯ ಹತ್ತಿರ ಒಂದು ತುಂಡು ಬಾಳೆಲೆ ಹಾಸಿದಳು. ಅದರ ಮೇಲೆ ಒಂದು ಮೊಗ್ಗು ಇಟ್ಟಳು.

“ಕಾರ್ಕಳ. ಅಣ್ಣನ ಮನೆ.”

“ಆವು” ಎಂದಳು ಅಕ್ಕ. ಅದೇ ಹೊತ್ತಿಗೆ ಅವಳ ಎಡಗೈಯ ಹಿಂಬದಿ ಮೊಗ್ಗನ್ನು ಎಲೆಯಿಂದ ಆಚೆ ತಳ್ಳಿತು. ಅರಳಿದ ಹೂವನ್ನು, ಚೆಂಡಿಗೆ ಸೇರಬಾರದ ಹೂವನ್ನು ಸರಿಸುವ ಹಾಗೆ.

ಇನ್ನೊಂದು ಮೊಗ್ಗು. “ಕಾಪು. ತಂಗಿಯ ಮನೆ.”

“ಆವು.” ಕೈ ತಳ್ಳಿತು.

“ಉಡುಪಿ. ತಮ್ಮನ ಮನೆ.”

ಈ ಮೊಗ್ಗು ಎಲೆಯ ಮೇಲೆ ನಿಂತೀತು ಎಂದು ನನಗೆ ಆಸೆಯಿತ್ತು, ಒಪ್ಪಿಕೊಳ್ಳಬೇಕು. “ಆವು” ಎಂದಳು. ಸ್ವಲ್ಪ ತಡೆದು, ತಳ್ಳಿದಳು.

ಬಾಯಿ ನಾಲ್ಕನೆಯ ಮೊಗ್ಗು ಇಟ್ಟಳು. “ನಿನ್ನ ಮನೆ.”

ಅಕ್ಕ ಏನೂ ಹೇಳಲಿಲ್ಲ. ಮೊಗ್ಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎತ್ತಿದಳು, ತೊಟ್ಟು ಹೊರಗೆ ಬರುವ ಹಾಗೆ, ಕಟ್ಟುವವಳ ಕೈಗೆ ಕೊಡುವಾಗ ಹಿಡಿಯುವ ಹಾಗೆ. ಅದನ್ನು ಬಾಯಿಯ ಬೆರಳಿಗೆ ಮುಟ್ಟಿಸಿದಳು.

ಹುಡುಗಿ ಒಡನೆ ಬರೆದುಕೊಳ್ಳಲಿಲ್ಲ. “ಸಾಲು ಬದಲಿ ಮಾಡಿ ಮತ್ತೊಮ್ಮೆ ಕೇಳ್ರಿ” ಎಂದಳು. ಬಾಯಿ ಅಕ್ಕನ ಮನೆಯನ್ನು ಎರಡನೆಯದಾಗಿ ಇಟ್ಟು ಕೇಳಿದಳು. ಉತ್ತರ ಬದಲಾಗಲಿಲ್ಲ. ಮೂರನೆಯ ಸಲ ಹುಡುಗಿ ತಾನೇ ಮೊಗ್ಗು ಇಟ್ಟು ಕೇಳಿದಳು. ಬದಲಾಗಲಿಲ್ಲ. ಆ ಎಚ್ಚರವನ್ನು ನಾನು ನನ್ನ ಇಲಾಖೆಯಲ್ಲಿ ಕಂಡದ್ದು ಕಡಿಮೆ. ಗಡಿಕಲ್ಲನ್ನು ಒಂದೇ ಕಡೆಯಿಂದ ಅಳೆದು ಸಹಿ ಹಾಕುವವರೇ ನಮ್ಮಲ್ಲಿ ಹೆಚ್ಚು.

ಅಣ್ಣನ ಮುಖ ಕಪ್ಪಿಟ್ಟಿತ್ತು. “ಹೊರಗಿನವರ ಕೈಗೆ ಒಡಹುಟ್ಟಿದವಳನ್ನು ಬಿಟ್ಟರೆ ಊರು ಎಂತ ಹೇಳೀತು?”

“ಊರು ಅಂದರೆ ನಾವೇ ಅಲ್ವಾ ಅಣ್ಣ?” ಎಂದಳು ಬಾಯಿ. “ನಾವು ಏನೂ ಹೇಳುವುದಿಲ್ಲ.”

ಅಣ್ಣನಿಗೂ ತುಟಿಯಲ್ಲಿ ನಗು ಬಂತು, ಅದನ್ನು ತಡೆಯಲು ಆಚೆ ನೋಡಿದ. ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದ: “ಬಾಯಿ, ಅವಳು ಒಬ್ಬಳೇ ಹೇಗೆ ಇರುವುದು? ಎತ್ತಬೇಕು, ತೊಳೆಯಬೇಕು.”

ಹುಡುಗಿ ಖಾಲಿ ಕಾಗದ ತೆಗೆದಳು. “ಈಗ ಒಬ್ಬೊಬ್ಬರ ಹೇಳ್ರಿ. ಯಾರು ಏನು ಮಾಡ್ತೀರಿ. ಮಾಡಬೇಕು ಅನ್ನೂದು ಬ್ಯಾಡ, ಮಾಡೂದಷ್ಟ ಹೇಳ್ರಿ. ಆಗದ್ದನ್ನ ಆಗೂದಿಲ್ಲ ಅನ್ರಿ, ಯಾರೂ ಸಿಟ್ಟಾಗೂದಿಲ್ಲ.”

ಆ ಒಂದು ಗಂಟೆಯಲ್ಲಿ ಆದದ್ದನ್ನು ನಾನು ಮುಂದೆ ಎಲ್ಲೂ ಕಾಣಲಿಲ್ಲ. ನಾಲ್ವರು ಹೆಂಗಸರು ಅಕ್ಕನನ್ನು ನೋಡಿಕೊಳ್ಳಲು ಪಾಳಿಯ ಮೇಲೆ ಬರುತ್ತೇವೆ ಎನ್ನಲಿಲ್ಲ. “ಬೆಳಗ್ಗೆ ಹೋಗಿ ಬಂದು ಮಾಡಲು ನಮಗೆ ಪುರುಸೊತ್ತಿಲ್ಲ” ಎಂದೇ ಬಾಯಿ ಹೇಳಿದಳು. “ನಾವು ನಾಲ್ಕೂ ಮನೆಯ ಹೂ ತಂದು ಇವಳ ಜಗಲಿಯಲ್ಲೇ ಕಟ್ಟುತ್ತೇವೆ. ಎಲ್ಲಿ ಕುಳಿತರೂ ಕಟ್ಟುವುದೇ. ನಡುವೆ ಒಬ್ಬಳು ಎದ್ದು ಇವಳ ಮುಖ ತೊಳೆಸಿದರೆ ಕೆಲಸ ಕೆಡುವುದಿಲ್ಲ.” ಟಿಕೆಟಿನ ನಾಚಿಕೆಯವಳು ವಿಧವೆ, ಮಗ ಸೊಸೆಯ ಜತೆ ಇದ್ದವಳು. ಮಲಗಲು ನಾನು ಬರುತ್ತೇನೆ ಎಂದಳು. “ಸೊಸೆಗೂ ಸ್ವಲ್ಪ ಗಾಳಿ ಆಡಲಿ” ಎಂದಾಗ ಉಳಿದವರು ನಕ್ಕರು. ತಂಗಿ, ವಾರಕ್ಕೆ ಎರಡು ದಿನ ಕಾಪುವಿನಿಂದ ಬಂದು ಮೀಯಿಸುತ್ತೇನೆ ಎಂದಳು. ಮೂರು ದಿನ ಎನ್ನಲು ಹೊರಟು, ಹುಡುಗಿಯ ಮುಖ ನೋಡಿ ಎರಡಕ್ಕೆ ಇಳಿಸಿದಳು. ಭಾನುವಾರ ಬಾಯಿ ಇಗರ್ಜಿಗೆ ಹೋಗಬೇಕು, ಉಳಿದವರಿಗೂ ಒಂದು ದಿನ ಬೇಕು. ನಾನು ಶನಿವಾರ ಮಧ್ಯಾಹ್ನ ಬಂದು ಸೋಮವಾರ ಬೆಳಗ್ಗಿನ ತನಕ ಇರುವುದೆಂದಾಯಿತು.

ಪ್ರತಿಯೊಂದು ಸಾಲು ಬರೆದ ಮೇಲೂ ಹುಡುಗಿ ಅಕ್ಕನ ಎದುರು ಒಂದು ಮೊಗ್ಗು ಇಡುತ್ತಿದ್ದಳು. ಒಂದನ್ನು ಅಕ್ಕ ತಳ್ಳಿದಳು. ಗಂಜಿಯನ್ನು ನಾನು ಉಣಿಸುವುದು ಎಂಬ ಸಾಲು. ಎಡಗೈಯಿಂದ ತಾನೇ ಉಣ್ಣುತ್ತಾಳೆ ಎಂದು ಬಾಯಿ ಅರ್ಥ ಹೇಳಿದಳು. ಹೌದೆಂದು ಅಕ್ಕ ಮೊಗ್ಗು ಎತ್ತಿಕೊಟ್ಟಳು. ಮೂರು ವಾರ ನಾವು ಅವಳಿಗೆ ಚಮಚದಲ್ಲಿ ಉಣಿಸಿದ್ದೆವು.

ಕೊನೆಗೆ ಅಣ್ಣ ಹುಡುಗಿಯ ಹತ್ತಿರ, ಕುಳಿತು ಮೀಯುವ ಕಲ್ಲು ನೆಲದಿಂದ ಎಷ್ಟು ಎತ್ತರ ಇರಬೇಕು ಎಂದು ಕೇಳಿದ. ನನ್ನ ಜೇಬಿನಲ್ಲಿ ಟೇಪು ಇತ್ತು. ಅಕ್ಕನ ಮೊಣಕಾಲಿನ ಕೆಳಗಿನ ಉದ್ದ ಅಳೆದು ಕೊಟ್ಟೆ. ಅವಳನ್ನು ಮಂಚದಿಂದ ಕುರ್ಚಿಗೆ ದಾಟಿಸುವುದನ್ನು ಹುಡುಗಿ ಎಲ್ಲರಿಂದಲೂ ಒಂದೊಂದು ಸಲ ಮಾಡಿಸಿದಳು. ದಿನವೂ ಚಪ್ಪಡಿ ಎತ್ತಿಸುವ ಅಣ್ಣ ಎರಡು ಸಲ ಹಿಡಿತ ಬದಲಿಸಿದ. “ಕಲ್ಲಲ್ಲ ಅಣ್ಣ, ಬಿದ್ದರೆ ಬೈತಾಳೆ” ಎಂದಳು ಬಾಯಿ. “ಬೈಯಲಿ” ಎಂದ ಅಣ್ಣ. “ಬೈದರೆ ಸಾಕು.”

ಶುಕ್ರವಾರ ಜೀಪು ಬಂತು. ಬೇಡ ಎನ್ನಲು ಅಣ್ಣ ಮರೆತಿದ್ದ. ಅದೇ ಜೀಪಿನಲ್ಲಿ ಅಕ್ಕನನ್ನು ಶಂಕರಪುರಕ್ಕೆ ಕರೆದುಕೊಂಡು ಹೋದೆವು. ಮೀಯುವ ಕಲ್ಲು ಎಂಟು ದಿನ ಬಿಟ್ಟು ಕಾರ್ಕಳದಿಂದ ಲಾರಿಯಲ್ಲಿ ಬಂತು. ಅಂಚು ತರಚದಂತೆ ಅಣ್ಣ ತಾನೇ ಕುಳಿತು ಉಜ್ಜಿದ್ದ.

ಆಮೇಲೆ ಏಳು ವರ್ಷ, ತೀರಿಕೊಳ್ಳುವ ತನಕ, ಅಕ್ಕ ಆ ಮನೆಯಲ್ಲೇ ಇದ್ದಳು. ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾದೀತು. ಒಂದು ಮಳೆಗಾಲ ಬಾಯಿಗೆ ಜ್ವರ ಹಿಡಿದು ಏರ್ಪಾಡೆಲ್ಲ ತಪ್ಪಿತು, ನಾನು ಹದಿನೈದು ದಿನ ರಜೆ ಹಾಕಿದೆ. ಆ ವಿಧವೆ ತನ್ನ ಮಗಳ ಬಾಣಂತನಕ್ಕೆ ಹೋದಾಗ ತಂಗಿಗೂ ಬಾಯಿಗೂ ಜೋರು ಮಾತಾಯಿತು. ಪ್ರತಿ ಸಲವೂ ಜಗಲಿಯಲ್ಲಿ ಸೇರಿ, ಎಲೆ ಹಾಸಿ, ಅಕ್ಕನನ್ನು ಕೇಳಿ ಹೊಸದಾಗಿ ಬರೆದೆವು. ಬೆಳಗ್ಗೆ ನಾಲ್ವರ ನಡುವೆ ಗೋಡೆಗೆ ಒರಗಿ ಕುಳಿತು, ಅರಳಿದ ಮೊಗ್ಗನ್ನು ಆರಿಸಿ ತೆಗೆಯುವುದು ಅವಳ ಕೆಲಸವಾಗಿತ್ತು. ನಾಲ್ಕು ಮನೆಯ ಮೊಗ್ಗೂ ಅವಳ ಎಡಗೈ ದಾಟಿಯೇ ಹೋಗಬೇಕು. ಅವಳು ಭಾರಿ ಕಟ್ಟುನಿಟ್ಟು ಎಂದು ಅವರೆಲ್ಲ ದೂರುತ್ತಿದ್ದರು. ಭಾನುವಾರ ನಾನು ಕಟ್ಟಲು ಕಲಿಯ ಹೋದಾಗ, ನನ್ನ ಚೆಂಡನ್ನು ಇಡಿಯಾಗಿ ಪಕ್ಕಕ್ಕೆ ತಳ್ಳಿದಳು.

ಒಂದು ವಿಷಯ ಮಾತ್ರ ನನ್ನನ್ನು ಬಿಟ್ಟಿಲ್ಲ. ಅಪ್ಪ ತೀರಿದ ವರ್ಷ ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕು, ನೀನು ಇರುತ್ತೀಯಾ ಎಂದು ಮನೆಯವರು ಕೇಳಿದರು. ನಾನು ಆಗ ಹೈಸ್ಕೂಲು ಮುಗಿಸಿದವನು, ಅಲ್ಲೇ ಇದ್ದೆ. ಅವಳು ‘ಆವು’ ಎಂದಳು. ಆಗ ಅವಳ ಬಾಯಿ ಚೆನ್ನಾಗಿಯೇ ಇತ್ತು. ಕೈ ಏನು ಮಾಡುತ್ತಿತ್ತು ಎಂದು ನಾನು ನೋಡಿರಲಿಲ್ಲ.

ಅಣ್ಣ ಈಗಿಲ್ಲ. ಧಾರವಾಡದ ಹುಡುಗಿ ಎರಡು ವರ್ಷದ ಮೇಲೆ ಮದುವೆಯಾಗಿ ಊರಿಗೆ ಹೋದಳೆಂದು ಕೇಳಿದೆ. ಎಲ್ಲಿದ್ದಾಳೋ ತಿಳಿಯದು, ಚೆನ್ನಾಗಿರಲಿ ಎಂದು ಹಾರೈಸುತ್ತೇನೆ. ಹೂ ಕಟ್ಟುವವರಲ್ಲಿ ಇಬ್ಬರು ತೀರಿಕೊಂಡರು. ಆ ಗುರುವಾರ ಮಧ್ಯಾಹ್ನ ಮಂಚದ ಸುತ್ತ ಇದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಬದುಕಿದ್ದಾರೆಂದು ನನಗೆ ಗೊತ್ತಿರುವವರು ಮೂವರು: ಕಾಪುವಿನ ತಂಗಿ, ಹೆಜಮಾಡಿಯಲ್ಲಿ ಮಗಳ ಮನೆಯಲ್ಲಿರುವ ಆ ವಿಧವೆ, ಮತ್ತು ಶಂಕರಪುರದ ಬಾಯಿ. ಬಾಯಿಗೆ ಕಣ್ಣು ಮಂದವಾಗಿದೆ, ಕಿವಿ ಚುರುಕು. ಮೊನ್ನೆ ಹೋಗಿ ಇದನ್ನೆಲ್ಲ ಓದಿ ಹೇಳಿದೆ. ಉಡುಪಿಯ ಮೊಗ್ಗನ್ನು ಅಕ್ಕ ಸ್ವಲ್ಪ ತಡೆದು ತಳ್ಳಿದಳು ಎಂಬಲ್ಲಿ ನನ್ನನ್ನು ನಿಲ್ಲಿಸಿದಳು. ತಡೆದದ್ದು ಕಾರ್ಕಳಕ್ಕೆ, ನಿನ್ನದಕ್ಕಲ್ಲ ಎಂದಳು. ತಂಗಿಯನ್ನು ಕೇಳಿದೆ. ಅವಳೂ ಕಾರ್ಕಳ ಎನ್ನುತ್ತಾಳೆ. ಹೆಜಮಾಡಿಗೆ ಇನ್ನೂ ಹೋಗಿಲ್ಲ.